ಪೆಟ್ರಾಪೋಲದ ಹೆಬ್ಬಾಗಿಲು

ಕಲ್ಕತ್ತೆಗೆ ಬರುವ ನಮ್ಮ ಕನ್ನಡ ಬಂಧುಗಳು ಸಾಧಾರಣವಾಗಿ ಕಾಳೀಘಟ್ಟಕ್ಕೆ ಹೋಗಿ ಕೈಮುಗಿಯುತ್ತಾರೆ; ದಕ್ಷಿಣೇಶ್ವರ, ಬೇಲೂರು ಮಠಗಳನ್ನು ನೋಡುತ್ತಾರೆ; ವಿಕ್ಟೋರಿಯಾ ಸ್ಮಾರಕದ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ; ಕೊನೆಗೆ ಒಂದು ಮಡಕೆ ರಸಗುಲ್ಲ ಕಟ್ಟಿಸಿಕೊಂಡು ಹೌರಾ ನಿಲ್ದಾಣದಲ್ಲಿ ರೈಲು ಹತ್ತುತ್ತಾರೆ. ಇಲ್ಲಿಂದ ಸುಮಾರು ಎಂಬತ್ತು ಕಿಲೋಮೀಟರ್ ದೂರದ ಪೆಟ್ರಾಪೋಲವನ್ನು ನೋಡಬೇಕೆಂದು ಹೊರಟವರನ್ನು ನಾನು ಕಂಡಿಲ್ಲ. ಅಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ, ಜಲಪಾತವಿಲ್ಲ. ಇರುವುದು ಲಾರಿಗಳು, ಮತ್ತೆ ಲಾರಿಗಳು. ಆದರೂ ಅದು ಸಣ್ಣ ಸ್ಥಳವಲ್ಲ. ಭಾರತಕ್ಕೂ ಬಾಂಗ್ಲಾದೇಶಕ್ಕೂ ನೆಲದ ಮಾರ್ಗವಾಗಿ ನಡೆದಿರುವ ವ್ಯಾಪಾರದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈ ಒಂದೇ ಬಾಗಿಲಿನಿಂದ ನಡೆದಿದೆ ಎಂದು ಸರಕಾರದ ಲೆಕ್ಕ ಹೇಳುತ್ತದೆ. 2016-17ರಲ್ಲಿ ಸುಮಾರು 18 ಸಾವಿರ ಕೋಟಿ ರೂಪಾಯಿಗಳಷ್ಟಿದ್ದ ಇಲ್ಲಿಯ ವಹಿವಾಟು 2023-24ರಲ್ಲಿ 30 ಸಾವಿರ ಕೋಟಿಯನ್ನು ಮೀರಿತು. ದಕ್ಷಿಣ ಏಷ್ಯದ ಅತಿ ದೊಡ್ಡ ಭೂಬಂದರು ಎಂದು ಇದಕ್ಕೆ ಹೆಸರು. ಸಮುದ್ರವೇ ಇಲ್ಲದೆ ಬಂದರು ಎಂಥದು ಎಂದು ಕೇಳಬೇಡಿ. ಹಡಗಿನ ಬದಲು ಲಾರಿ, ಅಲೆಯ ಬದಲು ಧೂಳು, ಅಷ್ಟೇ ವ್ಯತ್ಯಾಸ.

ನಮ್ಮ ಕಛೇರಿಯ ಬಂಗಾಳಿ ಮಿತ್ರರೊಬ್ಬರ ಭಾವಮೈದುನರು ಅಲ್ಲಿ ಕ್ಲಿಯರಿಂಗ್ ಏಜೆಂಟರು. ಕಳೆದ ಚಳಿಗಾಲದ ಒಂದು ರಜೆಯ ದಿನ ಆ ಮಿತ್ರರೊಡನೆ ಹೊರಟೆ.

ಸಿಯಾಲ್ದಾ ನಿಲ್ದಾಣದಿಂದ ಬನಗಾಂವ್‌ಗೆ ಲೋಕಲ್ ರೈಲು. ಸುಮಾರು ಎರಡು ಗಂಟೆಯ ಹಾದಿ. ಮುಂಬಯಿಯ ಓದುಗರಿಗೆ ಆ ನೂಕುನುಗ್ಗಲನ್ನು ವರ್ಣಿಸಬೇಕಾಗಿಲ್ಲ; ಆದರೆ ಇಲ್ಲಿ ಬಾರಾಸಾತ್ ದಾಟಿದ ಮೇಲೆ ಎರಡೂ ಕಡೆ ಹಸುರು ಗದ್ದೆ, ಬಾಳೆ, ಕೊಳಗಳು ಕಾಣಿಸಿಕೊಂಡು ಪ್ರಾಣಕ್ಕೆ ಹಿತವಾಗುತ್ತದೆ. ಹಾಬ್ರಾ, ಠಾಕೂರ್‌ನಗರ ಮುಂತಾದ ನಿಲ್ದಾಣಗಳು ಬರುತ್ತವೆ. ದೇಶ ಒಡೆದಾಗ ಆಚೆಯಿಂದ ಬರಿಗೈಯಲ್ಲಿ ಬಂದವರು ಕಟ್ಟಿ ಬೆಳೆಸಿದ ಊರುಗಳು ಇವು. ಬನಗಾಂವ್ ಕೂಡ 1947ರವರೆಗೆ ಜೆಸೋರ್ ಜಿಲ್ಲೆಗೆ ಸೇರಿತ್ತು. ಆ ವರ್ಷ ಆಗಸ್ಟಿನಲ್ಲಿ ರ‍್ಯಾಡ್‌ಕ್ಲಿಫ್ ಎಳೆದ ಗೆರೆ ಜೆಸೋರ್ ಪಟ್ಟಣವನ್ನು ಆಚೆಗೂ ಬನಗಾಂವನ್ನು ಈಚೆಗೂ ಮಾಡಿತು. ಇಛಾಮತಿ ನದಿ ಈ ಊರಿನ ಮಗ್ಗುಲಲ್ಲೇ ಹರಿಯುತ್ತದೆ. 'ಪಥೇರ್ ಪಾಂಚಾಲಿ'ಯನ್ನು ಬರೆದ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಹಳ್ಳಿ ಇಲ್ಲೇ ಹತ್ತಿರ. ದುರ್ಗಾ ಮತ್ತು ಅಪು ರೈಲನ್ನು ನೋಡಲು ಓಡಿದ ಕಥೆಯನ್ನು ಬಲ್ಲವರಿಗೆ ಈ ಹೊಲಗದ್ದೆಗಳು ಪರಕೀಯವೆನಿಸವು.

ಬನಗಾಂವ್‌ನಿಂದ ಪೆಟ್ರಾಪೋಲಕ್ಕೆ ಬ್ಯಾಟರಿಯಿಂದ ಓಡುವ ಮೂರು ಗಾಲಿಯ ಬಂಡಿ. ಇಲ್ಲಿಯವರು ಅದನ್ನು ಟೋಟೋ ಎನ್ನುತ್ತಾರೆ. ಅದು ಹೋಗುವುದು ಪ್ರಸಿದ್ಧವಾದ ಜೆಸೋರ್ ರಸ್ತೆಯ ಮೇಲೆ. ಈ ರಸ್ತೆಯನ್ನು ಕುರಿತು ಒಂದು ಹೇಳಿಕೆಯಿದೆ. ಜೆಸೋರಿನ ಕಾಳೀ ಪೋದ್ದಾರ್ ಎಂಬ ಜಮೀನ್ದಾರ ತನ್ನ ತಾಯಿ ಗಂಗಾಸ್ನಾನಕ್ಕೆ ಹೋಗಲೆಂದು ಇದನ್ನು ಮಾಡಿಸಿ, ಮುದುಕಿಗೆ ಬಿಸಿಲು ತಾಗದಿರಲೆಂದು ಎರಡು ಸಾಲು ಮರ ಹಾಕಿಸಿದನಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಮರಗಳಂತೂ ನಿಜ. ಒಂದೊಂದು ಮಳೆಮರದ ಬೊಡ್ಡೆಯನ್ನು ನಾಲ್ಕು ಜನ ಕೈಹಿಡಿದು ತಬ್ಬಿದರೂ ಸಾಲದು. ಕೊಂಬೆಗಳು ರಸ್ತೆಯ ನೆತ್ತಿಯ ಮೇಲೆ ಕೂಡಿಕೊಂಡು ಹಸುರು ಚಪ್ಪರ ಹಾಕಿವೆ. 1971ರಲ್ಲಿ ಲಕ್ಷಾಂತರ ನಿರಾಶ್ರಿತರು ಇದೇ ಚಪ್ಪರದ ಕೆಳಗೆ ನಡೆದು ಬಂದರು. ಅಮೆರಿಕದ ಕವಿ ಗಿನ್ಸ್‌ಬರ್ಗ್ ಅದನ್ನು ಕಣ್ಣಾರೆ ಕಂಡು ಒಂದು ಕವಿತೆ ಬರೆದ ಮೇಲೆ ರಸ್ತೆಯ ಹೆಸರು ಲೋಕಕ್ಕೆಲ್ಲ ತಿಳಿಯಿತು.

ತಾಯಿಯ ಪಲ್ಲಕ್ಕಿಗಾಗಿ ಮಾಡಿದ ರಸ್ತೆಯಲ್ಲಿ ಈಗ ಲಾರಿಗಳು ಓಡುತ್ತವೆ. ಕಷ್ಟದ ಮೊದಲ ಗಂಟು ಇಲ್ಲಿಯೇ ಇದೆ. ರಸ್ತೆ ಕಿರಿದು; ನಡುವೆ ರೈಲ್ವೆ ಗೇಟುಗಳು. ಗೇಟು ಹಾಕಿದರೆ ಸಾಲು ಬೆಳೆಯುತ್ತದೆ. ಆದಕಾರಣ ಬಾರಾಸಾತ್‌ನಿಂದ ಪೆಟ್ರಾಪೋಲದವರೆಗೆ ಐದು ಮೇಲ್ಸೇತುವೆಗಳನ್ನು ಕಟ್ಟಬೇಕೆಂದು ಯೋಜನೆಯಾಯಿತು. ಅದಕ್ಕೆ ಮುನ್ನೂರಕ್ಕೂ ಮಿಕ್ಕಿ ಮರಗಳನ್ನು ಕಡಿಯಬೇಕು. ಜನ ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದಿಂದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆಯಿತು. ಅಲ್ಲಿ ನೇಮಿಸಿದ ತಜ್ಞರ ಸಮಿತಿಯೊಂದು ಹಳೆಯ ಮರದ ಬೆಲೆಯನ್ನು ಕಟ್ಟುವುದು ಹೇಗೆಂದು ಯೋಚಿಸಿ, ವರ್ಷಕ್ಕೆ 74,500 ರೂಪಾಯಿಯಂತೆ ಮರದ ವಯಸ್ಸಿನಿಂದ ಗುಣಿಸಬೇಕೆಂದು ಹೇಳಿತು. ನೂರು ವರ್ಷದ ಮರಕ್ಕೆ ಮುಕ್ಕಾಲು ಕೋಟಿಯ ಹತ್ತಿರ ಬೆಲೆಯಾಯಿತು! ಕಡೆಗೆ 2023ರ ಫೆಬ್ರವರಿಯಲ್ಲಿ ಸೇತುವೆಗಾಗಿ ಮರ ಕಡಿಯಲು ಅನುಮತಿ ದೊರೆಯಿತು. ಸೇತುವೆ ಬೇಡವೆನ್ನಲು ನನಗೆ ಮನಸ್ಸು ಬಾರದು, ಆಂಬುಲೆನ್ಸೂ ಅದೇ ಗೇಟಿನಲ್ಲಿ ನಿಲ್ಲಬೇಕು. ಮರ ಹೋಗಲೆನ್ನಲೂ ಬಾಯಿ ಬಾರದು. ಲಾರಿಯನ್ನು ಗಡಿ ದಾಟಿಸುವ ಯೋಜನೆ ಗಡಿಯಲ್ಲಿ ಆರಂಭವಾಗುವುದಿಲ್ಲ, ಎಷ್ಟೋ ಕಿಲೋಮೀಟರ್ ಹಿಂದಿನ ಒಂದು ಮರದ ಬುಡದಲ್ಲಿ ಆರಂಭವಾಗುತ್ತದೆ ಎಂಬುದನ್ನು ಮಾತ್ರ ಅಲ್ಲಿ ಕಂಡುಕೊಂಡೆ.

ಗಡಿಯ ಒಳಾಂಗಣಕ್ಕೆ ಪರವಾನಗಿಯಿಲ್ಲದೆ ಹೋಗುವಂತಿಲ್ಲ. ಚಿತ್ರ ತೆಗೆಯುವಂತೆಯೂ ಇಲ್ಲ. ಹೊರಗಿನಿಂದ ಕಾಣುವಷ್ಟನ್ನು ಕಂಡು, ಕಾಣದ್ದನ್ನು ಏಜೆಂಟರ ಬಾಯಿಂದ ಕೇಳಿಕೊಂಡೆವು. ಅವರು ನಮ್ಮನ್ನು ತಮ್ಮ ಚಿಕ್ಕ ಕಛೇರಿಯಲ್ಲಿ ಕೂರಿಸಿ, ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿಕೊಟ್ಟು, ಒಂದು ಹಾಳೆಯ ಹಿಂಬದಿಯಲ್ಲಿ ಗೆರೆಗಳನ್ನು ಎಳೆದು ತೋರಿಸಿದರು.

ಒಂದು ಲಾರಿಯ ಪ್ರಯಾಣ ಹೀಗೆ. ಸರಕು ಬರುವ ಮೊದಲೇ ರಫ್ತಿನ ಕಾಗದಗಳನ್ನು ಏಜೆಂಟರು ಗಣಕಯಂತ್ರದ ಮೂಲಕ ಸುಂಕದ ಇಲಾಖೆಗೆ ಸಲ್ಲಿಸುತ್ತಾರೆ. ಲಾರಿ ಬಂದು ತನ್ನ ಸರದಿಗೆ ಕಾದು ಬಂದರಿನ ಅಂಗಳವನ್ನು ಹೊಕ್ಕುತ್ತದೆ. ತೂಕದ ಕಟ್ಟೆಯ ಮೇಲೆ ನಿಲ್ಲುತ್ತದೆ. ಅಧಿಕಾರಿಗಳು ಸರಕನ್ನು ನೋಡುತ್ತಾರೆ. ಆಹಾರವಾದರೆ ಅದರ ಪರೀಕ್ಷೆ ಬೇರೆ, ಗಿಡಮೂಲದ ವಸ್ತುವಾದರೆ ರೋಗಕೀಟಗಳ ತಪಾಸಣೆ ಬೇರೆ. ಎಲ್ಲವೂ ಸರಿಯಾದರೆ ಸಾಗಿಸಲು ಅಪ್ಪಣೆಯಾಗುತ್ತದೆ. ಚಾಲಕನ ಮತ್ತು ಲಾರಿಯ ವಿವರವಿರುವ 'ಕಾರ್ ಪಾಸ್' ಎಂಬ ಚೀಟಿ ಸಿದ್ಧವಾಗುತ್ತದೆ. ಗಡಿ ಭದ್ರತಾ ಪಡೆಯವರು ಅದನ್ನು ನೋಡಿ ಬಿಡುತ್ತಾರೆ. ಲಾರಿ ಸೊನ್ನೆಗೆರೆಯನ್ನು ದಾಟಿ ಬೇನಾಪೋಲಕ್ಕೆ ಹೋಗುತ್ತದೆ. ಅಲ್ಲಿ ಇದೇ ಪೂಜೆ ಇನ್ನೊಮ್ಮೆ.

ಆಮೇಲಿನದೇ ವಿಚಿತ್ರ. ನಮ್ಮ ಲಾರಿ ಢಾಕಾವರೆಗೆ ಹೋಗುವುದಿಲ್ಲ. ಬೇನಾಪೋಲದ ಅಂಗಳದಲ್ಲೇ ಸರಕನ್ನು ಇಳಿಸಬೇಕು. ಅದನ್ನು ಆ ದೇಶದ ಲಾರಿಗೆ ಏರಿಸಬೇಕು. ನಮ್ಮದು ಬರಿದಾಗಿ ಹಿಂದಿರುಗಬೇಕು. ಒಂದು ದೇಶದ ವಾಹನ ಇನ್ನೊಂದು ದೇಶದಲ್ಲಿ ನೇರವಾಗಿ ಓಡುವಂತಾಗಲೆಂದು ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಈ ನಾಲ್ಕು ದೇಶಗಳು 2015ರ ಜೂನ್ 15ರಂದು ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿಹಾಕಿದವು. ಭೂತಾನದ ಸಂಸತ್ತು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಪರಿಣಾಮವಾಗಿ, ಒಂದು ಮೂಟೆ ಎರಡು ಸಲ ಹಮಾಲರ ಬೆನ್ನನ್ನು ಏರುವುದು ತಪ್ಪಲಿಲ್ಲ.

ನಾನು ಕಡತಗಳ ನಡುವೆ ಬದುಕುವ ಗುಮಾಸ್ತ. ಆವಕ-ಜಾವಕದ ಪುಸ್ತಕವನ್ನು ಬಲ್ಲವನಿಗೆ ಲಾರಿಯ ಸಾಲು ಬೇಗ ಅರ್ಥವಾಗುತ್ತದೆ. ಸುಮ್ಮನೆ ಒಂದು ಲೆಕ್ಕ ಮಾಡೋಣ. ಒಂದು ಗಡಿಯಲ್ಲಿ ದಿನಕ್ಕೆ 400 ಲಾರಿಗಳು ದಾಟಬಲ್ಲವು ಎಂದಿಟ್ಟುಕೊಳ್ಳಿ. ಹಗಲು ಹತ್ತೇ ಗಂಟೆ ಕೆಲಸ ನಡೆದರೆ ಒಂದೂವರೆ ನಿಮಿಷಕ್ಕೊಂದರಂತೆ ಬಿಡಬೇಕು; ಇದು ಕಷ್ಟ. ಇಪ್ಪತ್ತನಾಲ್ಕು ಗಂಟೆಯೂ ನಡೆದರೆ ಮೂರೂವರೆ ನಿಮಿಷಕ್ಕೊಂದು, ಇದು ಸಾಧ್ಯ. ಈ ಕಾರಣದಿಂದಲೇ 2017ರ ಆಗಸ್ಟಿನಲ್ಲಿ ಇಲ್ಲಿ ಹಗಲಿರುಳೂ ಸರಕು ಬಿಡುವ ಏರ್ಪಾಡು ಮಾಡಿದರು. ಈಗ ದಿನಕ್ಕೆ 400ರ ಬದಲು 500 ಲಾರಿಗಳು ಬಂದವೆನ್ನಿ. ಹತ್ತು ದಿನದಲ್ಲಿ ಸಾವಿರ ಲಾರಿ ಬಾಕಿ. ಲಾರಿಗೆ ಹದಿನೈದು ಮೀಟರಿನಂತೆ ಸಾಲು ಹದಿನೈದು ಕಿಲೋಮೀಟರ್. ಹನ್ನೊಂದನೆಯ ದಿನದಿಂದ ಮತ್ತೆ 400ರಂತೆಯೇ ಬರತೊಡಗಿದರೆ ಸಾಲು ಕರಗೀತೇ? ಇಲ್ಲ! ಬಂದಷ್ಟು ಹೋಗುತ್ತವೆ, ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಹೊಸದಾಗಿ ಬಂದ ಪ್ರತಿ ಲಾರಿಯೂ ಆ ಹತ್ತು ದಿನದ ಪಾಪಕ್ಕಾಗಿ ಎರಡೂವರೆ ದಿನ ಕಾಯಬೇಕು. ನಮ್ಮ ಮೇಜಿನ ಮೇಲೆ ಒಮ್ಮೆ ಬೆಳೆದ ಕಡತದ ರಾಶಿ ವರ್ಷವಾದರೂ ಇಳಿಯದಿರುವ ರಹಸ್ಯವೂ ಇದೇ.

ಹಾಗಾದರೆ ಬಾಗಿಲನ್ನು ಅಗಲಮಾಡಿದರೆ ಆಯಿತಲ್ಲ ಎಂದು ನಾನೆಂದೆ. ಏಜೆಂಟರು ನಕ್ಕು, "ದಾದಾ, ಕೊಡಕ್ಕೆ ದೊಡ್ಡ ಬಾಯಿ ಮಾಡಿದರೆ ಸಾಕೆ? ಸುರಿಯುವ ತೊಟ್ಟಿ ತುಂಬಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿದರು. ನಮ್ಮ ಕಡೆ ಕೆಲಸ ಸರಾಗವಾಗಿ ಸಾಗಿದರೂ ಬೇನಾಪೋಲದಲ್ಲಿ ಉಗ್ರಾಣ ತುಂಬಿದ್ದರೆ ಹಿಂದಿನ ಲಾರಿ ಖಾಲಿಯಾಗದು. ಖಾಲಿಯಾಗದೆ ಜಾಗ ಬಿಡದು. ಜಾಗವಿಲ್ಲದೆ ಮುಂದಿನದಕ್ಕೆ ಪ್ರವೇಶವಿಲ್ಲ. ಅಲ್ಲದೆ ಇಲ್ಲಿಯ ವಾರದ ರಜೆ ಭಾನುವಾರ, ಅಲ್ಲಿಯದು ಶುಕ್ರವಾರ ಶನಿವಾರ. ಗಡಿಯಾರಗಳಲ್ಲಿಯೂ ಅರ್ಧ ಗಂಟೆಯ ಅಂತರ. ಇಬ್ಬರೂ ಕಛೇರಿಯಲ್ಲಿರುವ ಹೊತ್ತೇ ನಿಜವಾದ ಹೊತ್ತು.

ಈ ತೊಡಕುಗಳನ್ನು ಬಿಡಿಸಲು ಏನೂ ನಡೆದಿಲ್ಲವೆಂದು ತಿಳಿಯಬಾರದು. ಹಿಂದೆ ಸುಂಕದವರು ಒಂದೆಡೆ, ಉಗ್ರಾಣ ಒಂದೆಡೆ, ಪೋಲೀಸರು ಒಂದೆಡೆ ಇದ್ದು ಲಾರಿಗಳು ಬೀದಿಯಲ್ಲೇ ಬಿಡಾರ ಹೂಡುತ್ತಿದ್ದವು. ಎಲ್ಲರನ್ನೂ ಒಂದೇ ಆವರಣದಲ್ಲಿ ತರಬೇಕೆಂದು 2010ರಲ್ಲಿ ಕಾಯಿದೆ ಮಾಡಿ, 2012ರಲ್ಲಿ ಭೂಬಂದರುಗಳ ಪ್ರಾಧಿಕಾರವನ್ನು ಸ್ಥಾಪಿಸಿದರು. ಮೊದಲು ಪಂಜಾಬಿನ ಅಟಾರಿಯಲ್ಲಿ, ಬಳಿಕ ಇತರ ಕಡೆಗಳಲ್ಲಿ ಇಂಥ ಆವರಣಗಳು ಎದ್ದವು. ಪೆಟ್ರಾಪೋಲದ್ದು 2016ರಲ್ಲಿ ಕೆಲಸ ಆರಂಭಿಸಿತು. ಪ್ರಯಾಣಿಕರನ್ನೂ ಸರಕನ್ನೂ ಬೇರೆಮಾಡುವುದು ಯೋಜನೆಯ ಮುಖ್ಯ ಸೂತ್ರ. ಚಿಕಿತ್ಸೆಗಾಗಿ ಬರುವ ರೋಗಿ, ನೆಂಟರ ಮನೆಗೆ ಹೊರಟ ಹೆಂಗಸು, ಹತ್ತು ಟನ್ನಿನ ಲಾರಿ, ಮೂವರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಯಾರಿಗೂ ಕ್ಷೇಮವಲ್ಲ. 2024ರ ಅಕ್ಟೋಬರ್ 27ರಂದು ಪ್ರಯಾಣಿಕರಿಗಾಗಿ ದೊಡ್ಡ ಕಟ್ಟಡವೂ, ಸರಕಿಗಾಗಿ 'ಮೈತ್ರಿ ದ್ವಾರ' ಎಂಬ ಹೊಸ ಹೆಬ್ಬಾಗಿಲೂ ತೆರೆದವು. ಆಚೆಯವರೂ ಕೈಕಟ್ಟಿ ಕುಳಿತಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಬೇನಾಪೋಲದಲ್ಲಿ ಸರಕು ಲಾರಿಗಳಿಗೆ ದೊಡ್ಡದೊಂದು ನಿಲ್ದಾಣ ಉದ್ಘಾಟನೆಯಾಯಿತು.

ಇನ್ನೊಂದು ಏರ್ಪಾಡು ಸರದಿಯದು. ಹಿಂದೆ ಲಾರಿಗಳು ಬನಗಾಂವ್‌ಗೆ ಬಂದು ಮೈದಾನಗಳಲ್ಲಿ ನಿಂತು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕಾಯುತ್ತಿದ್ದವು. ನಿಂತ ನೆಲಕ್ಕೆ ದಿನದಿನಕ್ಕೂ ಬಾಡಿಗೆ. 2022ರಲ್ಲಿ ರಾಜ್ಯ ಸರಕಾರ 'ಸುವಿಧಾ' ಎಂಬ ವ್ಯವಸ್ಥೆಯನ್ನು ತಂದಿತು. ರೈಲಿನ ಟಿಕೇಟಿನಂತೆ ಮನೆಯಿಂದಲೇ ಹಣ ಕಟ್ಟಿ ದಾಟುವ ದಿನವನ್ನು ಗೊತ್ತುಮಾಡಿಕೊಳ್ಳಬಹುದು. ಸಾಲು ರಸ್ತೆಯಿಂದ ಟೆಲಿಫೋನಿನೊಳಕ್ಕೆ ಹೋಯಿತು. ಇದರಿಂದ ಊರಿನಲ್ಲಿ ಎಲ್ಲರೂ ಸಂತೋಷಪಟ್ಟರೆಂದು ಹೇಳಲಾರೆ. ಲಾರಿ ನಿಂತರೆ ಅನ್ನದ ಹೋಟೆಲಿಗೆ ಗಿರಾಕಿ, ಪಂಕ್ಚರ್ ಅಂಗಡಿಗೆ ಕೆಲಸ, ಕಾವಲುಗಾರನಿಗೆ ಕೂಲಿ. ಒಬ್ಬನ ಕಾಯುವಿಕೆ ಇನ್ನೊಬ್ಬನ ಊಟವಾಗಿರುವ ಊರಿನಲ್ಲಿ ಸಾಲನ್ನು ಅಳಿಸುವುದು ಸುಲಭದ ಮಾತಲ್ಲ.

ರಸ್ತೆಯ ಪಕ್ಕದಲ್ಲಿ ಒಬ್ಬ ಚಾಲಕ ಲಾರಿಯ ನೆರಳಿನಲ್ಲಿ ಸ್ಟೌ ಹಚ್ಚಿ ಆಲೂಗೆಡ್ಡೆ ಬೇಯಿಸುತ್ತಿದ್ದ. ಬಿಹಾರದವನು, ವಯಸ್ಸು ಐವತ್ತರ ಮೇಲೆ. ಲಾರಿಯಲ್ಲಿ ಯಂತ್ರದ ಬಿಡಿಭಾಗಗಳು. ನಮ್ಮನ್ನು ಕೂರಲು ಹೇಳಿ, ತನ್ನ ಹುಡುಗನಿಂದ ಪಕ್ಕದ ಡಬ್ಬವನ್ನು ಬೋರಲು ಹಾಕಿಸಿದ. "ಕಾಯುವುದು ಕಷ್ಟವೇ?" ಎಂದು ಕೇಳಿದೆ. ಅವನು ಬಹಳ ಹೊತ್ತು ಆಲೂಗೆಡ್ಡೆಯನ್ನೇ ನೋಡುತ್ತಿದ್ದು, "ಬಾಬೂಜಿ, ಕಾಯುವುದೇ ನಮ್ಮ ಕೆಲಸ. ಹತ್ತು ದಿನ ಎಂದರೆ ಹತ್ತು ದಿನ. ಮನೆಗೆ ಹಾಗೆಂದು ಹೇಳುತ್ತೇನೆ, ಅವರೂ ಹಾಗೆಯೇ ಸಂಸಾರ ತೂಗಿಸುತ್ತಾರೆ. ನಾಳೆ ಎನ್ನುತ್ತಾರೆ, ನಾಳೆ ಬಂದರೆ ನಾಡಿದ್ದು ಎನ್ನುತ್ತಾರೆ. ಆಗ ಮನೆಗೆ ಏನು ಹೇಳಲಿ?" ಎಂದ. ಅವನಿಗೆ ಸಂಬಳ ತಿಂಗಳ ಲೆಕ್ಕವಲ್ಲ, ಟ್ರಿಪ್ಪಿನ ಲೆಕ್ಕ. ನಿಂತ ಲಾರಿಗೆ ಮಾಲೀಕ ಬಾಡಿಗೆ ಕೇಳಬಹುದು. ನಿಂತ ಚಾಲಕನಿಗೆ ಕೇಳುವ ಜಾಗವಿಲ್ಲ. ಮಗಳ ಮದುವೆ ಮಾಘಮಾಸದಲ್ಲಿ ಎಂದು ಹೇಳುವಾಗ ಮಾತ್ರ ಅವನ ಮುಖ ಅರಳಿತು. ಮರುಕ್ಷಣದಲ್ಲಿ ದಿನಗಳನ್ನು ಬೆರಳಿನಲ್ಲಿ ಎಣಿಸತೊಡಗಿದ.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಗಡಿಯ ಯೋಜನೆ ಎಂದರೆ ಎಷ್ಟು ಎಕರೆ, ಎಷ್ಟು ಬಾಗಿಲು, ಎಷ್ಟು ತೂಕದ ಕಟ್ಟೆ ಎಂದು ನಾವು ಲೆಕ್ಕ ಹಾಕುತ್ತೇವೆ. ಕೊಟ್ಟ ಮಾತಿನಂತೆ ದಾಟಿಸುವುದೇ ಎಲ್ಲಕ್ಕಿಂತ ದೊಡ್ಡ ಸೌಕರ್ಯ. ತಡವಾದರೂ ತಡ ಎಷ್ಟೆಂದು ತಿಳಿದಿದ್ದರೆ ವ್ಯಾಪಾರಿ ಸರಕನ್ನು ಅದರಂತೆ ಕಳುಹಿಸುತ್ತಾನೆ, ಮಾಲೀಕ ಲಾರಿಯನ್ನು ಅದರಂತೆ ಹೊಂದಿಸುತ್ತಾನೆ, ಚಾಲಕನ ಹೆಂಡತಿ ದಿನಸಿಯನ್ನು ಅದರಂತೆ ತರುತ್ತಾಳೆ. ತಿಳಿಯದ ತಡವೇ ಎಲ್ಲರನ್ನೂ ಹಾಳುಮಾಡುವುದು.

ಬೇರೆ ದೇಶಗಳಲ್ಲಿ ಇದನ್ನು ಸಾಧಿಸಿದ್ದಾರೆ. ವಿಶ್ವಬ್ಯಾಂಕು 2021ರಲ್ಲಿ ಪ್ರಕಟಿಸಿದ ವರದಿಯೊಂದು ಪೆಟ್ರಾಪೋಲ-ಬೇನಾಪೋಲವನ್ನು ದಾಟಲು ಹಲವು ದಿನಗಳು ಬೇಕಾಗುವುದೆಂದೂ, ಇಷ್ಟೇ ವಾಹನಗಳಿರುವ ಪೂರ್ವ ಆಫ್ರಿಕದ ಗಡಿಗಳಲ್ಲಿ ಆರು ಗಂಟೆಯೂ ಹಿಡಿಯುವುದಿಲ್ಲವೆಂದೂ ಹೇಳಿತು. ಕೀನ್ಯ ಮತ್ತು ಉಗಾಂಡದ ನಡುವಿನ ಬುಸಿಯಾ, ಮಲಾಬಾ ಎಂಬಲ್ಲಿ ಅವರು ಮಾಡಿದ ಉಪಾಯ ಸರಳವಾದದ್ದು. ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಲಾರಿ ತಾನು ಪ್ರವೇಶಿಸುವ ದೇಶದ ಕಡೆ ಒಂದೇ ಸಲ ನಿಲ್ಲುತ್ತದೆ. ಬೀಳ್ಕೊಡುವವರು, ಬರಮಾಡಿಕೊಳ್ಳುವವರು ಇಬ್ಬರೂ ಅಲ್ಲಿಯೇ ಮುದ್ರೆ ಒತ್ತುತ್ತಾರೆ. ಅನಂತರ ಲಾರಿ ಸರಕಿನೊಡನೆ ನೇರವಾಗಿ ಮುಂದಕ್ಕೆ ಹೋಗುತ್ತದೆ, ಮೂಟೆ ಇಳಿಸುವ ರಗಳೆಯಿಲ್ಲ. ಯಂತ್ರ ತರಿಸುವುದಕ್ಕಿಂತ ಇಬ್ಬರು ಅಧಿಕಾರಿಗಳನ್ನು ಒಂದೇ ಬೆಂಚಿನ ಮೇಲೆ ಕೂರಿಸುವುದು ಕಷ್ಟವಾದ ಕೆಲಸ ಎಂಬುದನ್ನು ಸರಕಾರಿ ನೌಕರರು ಯಾರೂ ಅಲ್ಲಗಳೆಯಲಾರರು.

ರಸ್ತೆ ಕಟ್ಟಿಕೊಂಡಾಗ ರೈಲು ನೆರವಿಗೆ ಬಂದದ್ದೂ ಉಂಟು. 2020ರಲ್ಲಿ ಮಹಾಮಾರಿಯ ಕಾಲದಲ್ಲಿ ಇಲ್ಲಿ ಲಾರಿಗಳ ಓಡಾಟ ತಿಂಗಳುಗಟ್ಟಲೆ ನಿಂತಿತು. ಆ ಜುಲೈಯಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ರೆಡ್ಡಿಪಾಲೆಂನಿಂದ ಹದಿನಾರು ವ್ಯಾಗನ್ನುಗಳ ವಿಶೇಷ ರೈಲೊಂದು 384 ಟನ್ ಒಣಮೆಣಸಿನಕಾಯಿ ತುಂಬಿಕೊಂಡು ನೇರವಾಗಿ ಬೇನಾಪೋಲಕ್ಕೆ ಹೋಯಿತು. ರಸ್ತೆಯಲ್ಲಿ ಟನ್ನಿಗೆ 7,000 ರೂಪಾಯಿ ಬೀಳುತ್ತಿದ್ದ ಸಾಗಾಣಿಕೆ ರೈಲಿನಲ್ಲಿ 4,600ರ ಆಸುಪಾಸಿಗೆ ಮುಗಿಯಿತು. ಹೈದರಾಬಾದಿನ ನಮ್ಮ ಓದುಗರ ಅಡಿಗೆಮನೆಯ ಮೆಣಸಿನಕಾಯಿಯ ದಾಯಾದಿಗಳು ಹೀಗೆ ಪರದೇಶಕ್ಕೆ ಹೋದವು. ಪ್ರಯಾಣಿಕರ ರೈಲಿನ ಕಥೆ ಬೇರೆ. 1965ರ ಯುದ್ಧದಲ್ಲಿ ಕಡಿದುಹೋದ ಕಲ್ಕತ್ತೆ-ಖುಲ್ನಾ ಸಂಬಂಧ 2017ರಲ್ಲಿ 'ಬಂಧನ್' ಎಂಬ ಹೆಸರಿನ ಗಾಡಿಯಿಂದ ಮತ್ತೆ ಕೂಡಿತು. 2024ರ ಜುಲೈಯಲ್ಲಿ ಬಾಂಗ್ಲಾದೇಶದ ಗಲಭೆಯ ಸಮಯದಲ್ಲಿ ನಿಂತಿತು.

ಎಷ್ಟೇ ಚೆನ್ನಾಗಿ ಯೋಜನೆ ಮಾಡಿದರೂ ರಾಜಧಾನಿಯ ಒಂದು ಆಜ್ಞೆ ಎಲ್ಲವನ್ನೂ ತಲೆಕೆಳಗು ಮಾಡಬಲ್ಲುದು. 2020ರ ಸೆಪ್ಟೆಂಬರಿನಲ್ಲಿ ಈರುಳ್ಳಿಯ ರಫ್ತನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಈರುಳ್ಳಿ ತುಂಬಿದ ಲಾರಿಗಳು ಇಲ್ಲಿ ಸಾಲುಗಟ್ಟಿ ಸಿಕ್ಕಿಬಿದ್ದವು. ನಾಸಿಕದಿಂದ ದೇಶವನ್ನೇ ಅಡ್ಡಹಾಯ್ದು ಬಂದ ಸರಕು, ಬಾಗಿಲ ಮುಂದೆ ಕೊಳೆಯಿತು. 2025ರ ಏಪ್ರಿಲಿನಲ್ಲಿ ಭಾರತ, ಬಾಂಗ್ಲಾದೇಶದ ಸರಕು ನಮ್ಮ ನೆಲದ ಮೂಲಕ ಮೂರನೆಯ ದೇಶಗಳಿಗೆ ಹೋಗಲು 2020ರಲ್ಲಿ ಕೊಟ್ಟಿದ್ದ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಅದೇ ತಿಂಗಳು ಬಾಂಗ್ಲಾದೇಶ ನಮ್ಮ ನೂಲು ಭೂಬಂದರುಗಳಿಂದ ಬರಕೂಡದೆಂದಿತು. ಮೇ ತಿಂಗಳಲ್ಲಿ ಭಾರತ, ಅಲ್ಲಿಯ ಸಿದ್ಧ ಉಡುಪುಗಳು ಕಲ್ಕತ್ತೆ ಮತ್ತು ನ್ಹಾವಾ ಶೇವಾ ಬಂದರುಗಳಿಂದಲೇ ಬರಬೇಕೆಂದಿತು. ಇವುಗಳ ರಾಜಕಾರಣದ ನ್ಯಾಯಾನ್ಯಾಯಗಳನ್ನು ಬಲ್ಲವರು ಹೇಳಲಿ. ಮೈತ್ರಿ ದ್ವಾರ ತೆರೆದ ಏಳು ತಿಂಗಳೊಳಗೆ ಅದರ ಮುಂದಿನ ಸರಕಿಗೆ ಹೀಗೆ ಒಂದರ ಮೇಲೊಂದು ತಡೆ ಬಂದದ್ದನ್ನು ಹಮಾಲರು ಮರೆತಿಲ್ಲ. ಅಟಾರಿಯಲ್ಲಂತೂ ಅದೇ ಏಪ್ರಿಲಿನಲ್ಲಿ ಬಾಗಿಲನ್ನೇ ಮುಚ್ಚಿದರು.

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮಲ್ಲಿ ಗಾದೆಯಿದೆ. ಗಾದೆ ಹುಟ್ಟಿದ್ದು ಎತ್ತಿನ ಗಾಡಿಯ ಕಾಲದಲ್ಲಿ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆ ಇಂದಿಗೂ ಇದೆ. ಮಾತ್ರ ಅಲ್ಲಿ ಯಾರೂ ಸುಂಕ ಕೇಳುವುದಿಲ್ಲ. ಪುಣೆ, ಮುಂಬಯಿಗಳ ಓದುಗರು ಬೇಸಗೆ ರಜೆಯಲ್ಲಿ ಊರಿಗೆ ಹೋಗುವಾಗ ನಿಪ್ಪಾಣಿಯ ಸಮೀಪ ತನಿಖಾ ಕಟ್ಟೆಯ ಮುಂದೆ ಮೈಲುದ್ದ ನಿಂತ ಲಾರಿಗಳನ್ನು ಕಂಡಿದ್ದಿರಬೇಕು. ಮುಲುಂಡ್, ದಹಿಸರ್‌ಗಳ ಜಕಾತಿ ನಾಕಾಗಳನ್ನಂತೂ ಮರೆಯುವಂತಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಮುಂಬಯಿಯ ಜಕಾತಿಯೂ ರಾಜ್ಯರಾಜ್ಯಗಳ ನಡುವಿನ ಮಾರಾಟ ತೆರಿಗೆಯ ಕಟ್ಟೆಗಳೂ ಎದ್ದುಹೋದವು. ಎಷ್ಟೋ ವರ್ಷ ಅಸಾಧ್ಯವೆಂದು ಹೇಳಿದ ಕೆಲಸ ಒಂದು ರಾತ್ರಿಯಲ್ಲಿ ಆಯಿತು. ಎರಡು ಸ್ವತಂತ್ರ ದೇಶಗಳ ನಡುವೆ ಕಟ್ಟೆ ಇರಲೇಬೇಕು. ಅದು ಎದ್ದುಹೋಗಲೆಂದು ನಾನು ಬಯಸುವುದೂ ಇಲ್ಲ. ಕಳ್ಳಸಾಗಣೆಯ ಚಿನ್ನ, ಮಾದಕವಸ್ತು, ರೋಗದ ಬೀಜ ಇವುಗಳಿಗೆ ಬಾಗಿಲು ಮುಚ್ಚಿರಲಿ. ಕಾಗದ ಸರಿಯಿದ್ದವನು ಕಳ್ಳನಿಗಾಗಿ ಕಾಯಬೇಕೇಕೆ ಎಂಬುದಷ್ಟೇ ಪ್ರಶ್ನೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕ್ಯಾಬಿನ್ ಇಲ್ಲದ ಬರಿಯ ಚಾಸಿಗಳ ಸಾಲೊಂದು ಬಂತು. ಹೊಸೂರು, ಅತ್ತಿಬೆಲೆಗಳ ಕಡೆ ಇಂಥವು ಗಾಳಿಗೆ ಎದೆಯೊಡ್ಡಿ ಓಡುವುದನ್ನು ನಮ್ಮವರು ನೋಡಿರುತ್ತಾರೆ. ಚಾಲಕರು ತಲೆಗೆ ಮಫ್ಲರ್ ಸುತ್ತಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಮೈಯೆಲ್ಲ ಧೂಳಾಗಿ ಬೇಡರ ವೇಷದವರಂತೆ ಕಾಣುತ್ತಿದ್ದರು. ಈ ಚಾಸಿಗಳು ಆಚೆ ಹೋಗಿ ಮೈ ಕಟ್ಟಿಸಿಕೊಂಡು ಬಸ್ಸುಗಳಾಗಿ, ಲಾರಿಗಳಾಗಿ ಅಲ್ಲಿಯ ಜನವನ್ನು ಹೊರುತ್ತವೆ. ಅವುಗಳಿಗೆ ಹಿಂದಿರುಗುವ ಚಿಂತೆಯಿಲ್ಲ. ಅವುಗಳನ್ನು ಒಪ್ಪಿಸಿ ಬಂದ ಚಾಲಕರು ಮಾತ್ರ ಕೈಚೀಲ ಹಿಡಿದು ನಡೆದುಕೊಂಡೇ ಈಚೆಗೆ ಬರುತ್ತಾರೆ.

ನೋಡಲು ಹೋಗುವ ಬಂಧುಗಳಿಗೆ ಎರಡು ಮಾತು. ಗುರುತಿನ ಚೀಟಿ ಜೊತೆಯಲ್ಲಿರಲಿ. ಗಡಿಯ ಬಳಿ ಚಿತ್ರ ತೆಗೆಯುವ ಆಸೆ ಬೇಡ. ಬೆಳಗಿನ ಲೋಕಲ್ ಹಿಡಿದರೆ ಸಂಜೆಗೆ ಮನೆ ಸೇರಬಹುದು. ಚಳಿಗಾಲದಲ್ಲಿ ಬನಗಾಂವ್ ಪೇಟೆಯಲ್ಲಿ ಖರ್ಜೂರದ ಹೊಸ ಬೆಲ್ಲ ಸಿಕ್ಕುತ್ತದೆ. ಮನೆಗೆ ತಂದರೆ ಗೃಹಿಣಿಯರು ಲಾರಿಯ ಕಥೆಯನ್ನೂ ಸಮಾಧಾನದಿಂದ ಕೇಳುತ್ತಾರೆ.

ಸಂಜೆ ಹೊರಡುವಾಗ ಬೇನಾಪೋಲದಿಂದ ಬರಿದಾದ ಲಾರಿಗಳು ಒಂದೊಂದಾಗಿ ಬರುತ್ತಿದ್ದವು. ಬರಿದಾದ ಲಾರಿ ಹಳ್ಳದ ಮೇಲೆ ಹಾರಿದಾಗ ಹಲಗೆಗಳು ದಡದಡನೆ ಸದ್ದು ಮಾಡುತ್ತವೆ. ಹೋಗುವಾಗ ತುಂಬಿ, ಬರುವಾಗ ಬರಿದಾಗಿ ಓಡುವ ಲಾರಿ ಅರ್ಧ ದುಡಿಮೆಯನ್ನು ಮಾತ್ರ ಮಾಡಿದಂತೆ. ಆಚೆಯ ಸಣಬೋ ಮೀನೋ ಮತ್ತೊಂದೋ ಅದೇ ಲಾರಿಯಲ್ಲಿ ಈಚೆಗೆ ಬರುವಂತಾದರೆ ಎರಡೂ ಕಡೆ ಬಾಡಿಗೆ ಇಳಿಯುತ್ತದೆ, ಎರಡೂ ಕಡೆ ಲಾರಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಸಾಲು ತಾನಾಗಿ ಚಿಕ್ಕದಾಗುತ್ತದೆ. ಇದಕ್ಕೆ ಹೊಸ ರಸ್ತೆ ಬೇಕಾಗಿಲ್ಲ, ಮರ ಕಡಿಯಬೇಕಾಗಿಲ್ಲ. ಆಚೆ ಈಚೆಯ ಎರಡು ಮೇಜುಗಳ ನಡುವೆ ಒಂದು ಒಪ್ಪಿಗೆ ಬೇಕು. ಅದಾಗುವವರೆಗೆ ಗಡಿಯ ಯೋಜನೆಯ ಅತಿ ಸಣ್ಣ, ಅತಿ ಅಗ್ಗದ ಸುಧಾರಣೆಯೊಂದನ್ನಾದರೂ ಮಾಡಬಹುದು: ನಿನ್ನ ಸರದಿ ಇಂಥ ದಿನ ಎಂದು ಚಾಲಕನಿಗೆ ಹೇಳುವುದು, ಹೇಳಿದ ದಿನವೇ ಬಿಡುವುದು. ಮಾಘಮಾಸದ ಒಂದು ಮದುವೆಗೆ ಅಷ್ಟಾದರೆ ಸಾಕು.